ಗುಂಡೇಟಿಗೂ ಸಾರ್ವಜನಿಕ ಆರೋಗ್ಯಕ್ಕೂ ಏನು ನಂಟು?

ಪ್ರಶ್ನೆ: ನನ್ನ ಮಗ ಅಮೆರಿಕದಲ್ಲಿ ಸಾರ್ವಜನಿಕ ಆರೋಗ್ಯ ವಿಷಯದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದಾನೆ. ಮಲೇರಿಯಾನೋ ಸಕ್ಕರೆ ಕಾಯಿಲೆಯೋ ಆರಿಸಿಕೊಳ್ಳುತ್ತಾನೆ ಅಂದುಕೊಂಡಿದ್ದೆ. ಈಗ ನೋಡಿದರೆ ಬಂದೂಕಿನ ಹಿಂಸೆ ತಡೆಯುವ ಬಗ್ಗೆ ಸಂಶೋಧನೆ ಮಾಡುತ್ತೇನೆ ಅನ್ನುತ್ತಿದ್ದಾನೆ. ಗುಂಡು ಹಾರಿಸಿದವರನ್ನು ಹಿಡಿಯುವುದು ಪೊಲೀಸರ ಕೆಲಸವಲ್ಲವೇ? ಆರೋಗ್ಯದವರಿಗೆ ಇದರಲ್ಲಿ ಏನು ಕೆಲಸ? ಇಷ್ಟು ವರ್ಷದ ಸಂಶೋಧನೆಯಿಂದ ಏನಾದರೂ ಉಪಯೋಗವಾಗಿದೆಯೇ? ಇನ್ನೊಂದು ಮಾತು. ಅಲ್ಲೇ ಇರುವ ಮಗಳ ಮಗುವಿಗೆ ಈಗ ಏಳು ವರ್ಷ, ಗೆಳತಿಯರ ಮನೆಗೆ ಆಡಲು ಹೋಗುತ್ತಾಳೆ. "ನಿಮ್ಮ ಮನೆಯಲ್ಲಿ ಬಂದೂಕು ಇದೆಯೇ" ಎಂದು ಆ ಮನೆಯವರನ್ನು ಕೇಳಿದರೆ ಮರ್ಯಾದೆಗೇಡಾಗುವುದಿಲ್ಲವೇ?

ಉತ್ತರ: ಕೊನೆಯ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿದೆ: ಕೇಳಬೇಕು. ಹೇಗೆ ಕೇಳುವುದು ಅನ್ನುವುದನ್ನು ಕೊನೆಗೆ ಹೇಳುತ್ತೇನೆ. ಅಷ್ಟು ಹೊತ್ತಿಗೆ ನಿಮ್ಮ ಮಗ ಯಾಕೆ ಈ ದಾರಿ ಹಿಡಿದಿದ್ದಾನೆ ಅನ್ನುವುದೂ ಸ್ವಲ್ಪ ತಿಳಿಯಾಗಬಹುದು.

ಮೊದಲು ಒಂದು ಲೆಕ್ಕ. 2023ರಲ್ಲಿ ಅಮೆರಿಕದಲ್ಲಿ ಗುಂಡೇಟಿನಿಂದ ಸತ್ತವರು 46,728 ಮಂದಿ. ನಮಗೆ ಸುದ್ದಿಯಲ್ಲಿ ಕಾಣುವುದು ಶಾಲೆಗೆ ನುಗ್ಗಿ ಹಾರಿಸಿದ್ದು, ಅಂಗಡಿಗೆ ನುಗ್ಗಿ ಹಾರಿಸಿದ್ದು. ಆದರೆ ಅಂಥ ಸಾಮೂಹಿಕ ದಾಳಿಗಳಲ್ಲಿ ಸಾಯುವವರು, ಯಾವ ವ್ಯಾಖ್ಯೆ ಹಿಡಿದು ಎಣಿಸಿದರೂ, ಒಟ್ಟಿನಲ್ಲಿ ನೂರಕ್ಕೆ ಒಂದೆರಡು. ಆ ವರ್ಷದ ಕೊಲೆಗಳು 17,927. ಆತ್ಮಹತ್ಯೆಗಳು 27,300. ಇನ್ನುಳಿದದ್ದು ಕೈತಪ್ಪಿ ಹಾರಿದ ಗುಂಡು, ಪೊಲೀಸರ ಗುಂಡು, ಕಾರಣ ಗೊತ್ತಾಗದ ಸಾವು. ಅಂದರೆ ಅರ್ಧಕ್ಕಿಂತ ಹೆಚ್ಚು ಸಾವುಗಳಲ್ಲಿ ಪೊಲೀಸರು ಹಿಡಿಯಬೇಕಾದ ಅಪರಾಧಿಯೇ ಇಲ್ಲ. ಅವರು ಬರುವುದು ಪಂಚನಾಮೆಗೆ.

ಇದರಲ್ಲೂ ಎರಡು ಬೇರೆ ಬೇರೆ ಭೂಪಟಗಳಿವೆ. ಬಂದೂಕಿನಿಂದ ಆತ್ಮಹತ್ಯೆ ಮಾಡಿಕೊಳ್ಳುವವರಲ್ಲಿ ಹೆಚ್ಚಿನವರು ಬಿಳಿಯ ಗಂಡಸರು, ಅದರಲ್ಲೂ ನಡುವಯಸ್ಸಿನವರು ಮತ್ತು ಹಿರಿಯರು. ಮೊಂಟಾನಾ, ವಯೋಮಿಂಗ್‌ನಂಥ ಜನವಿರಳ ರಾಜ್ಯಗಳಲ್ಲಿ ಈ ಪ್ರಮಾಣ ಮೇಲಿದೆ. ಕೊಲೆಯಾಗುವ ಅಪಾಯ ಅತಿ ಹೆಚ್ಚು ಇರುವುದು ಕಪ್ಪು ಸಮುದಾಯದ ಯುವಕರಿಗೆ, ಅದೂ ದೊಡ್ಡ ನಗರಗಳ ಕೆಲವೇ ಕೆಲವು ಬೀದಿಗಳಲ್ಲಿ. ಒಂದಕ್ಕೆ ಹೊಂದುವ ಮದ್ದು ಇನ್ನೊಂದಕ್ಕೆ ಹೊಂದುವುದಿಲ್ಲ. ವಾದ ಮಾಡುವವರು ಎರಡನ್ನೂ ಒಂದೇ ಚೀಲಕ್ಕೆ ಹಾಕಿ ಜಗಳವಾಡುತ್ತಾರೆ.

ನೀವು ಮಲೇರಿಯಾ ಅಂದಿರಲ್ಲ, ಅದನ್ನೇ ಹಿಡಿದು ಹೇಳುತ್ತೇನೆ. ಮಲೇರಿಯಾ ತಡೆಯಲು ಹೊರಟವನು ರೋಗಿ ಎಚ್ಚರಿಕೆಯಿಂದ ಇದ್ದನೋ ಇಲ್ಲವೋ ಎಂದು ವಿಚಾರಣೆಗೆ ಕೂರುವುದಿಲ್ಲ. ಪರೋಪಜೀವಿ ಯಾವುದು, ಅದನ್ನು ಹೊತ್ತು ತರುವ ಸೊಳ್ಳೆ ಯಾವುದು, ನೀರು ಎಲ್ಲಿ ನಿಂತಿದೆ, ಸರಪಳಿಯ ಯಾವ ಕೊಂಡಿ ಸುಲಭಕ್ಕೆ ತುಂಡಾಗುತ್ತದೆ ಎಂದು ಹುಡುಕುತ್ತಾನೆ. ಇದೇ ಕಣ್ಣಿನಿಂದ ಗಾಯಗಳನ್ನು ನೋಡಿದವರು ವಿಲಿಯಂ ಹ್ಯಾಡನ್ ಎಂಬ ವೈದ್ಯರು. ಮೈಗೆ ತಡೆಯಲಾರದಷ್ಟು ಶಕ್ತಿ ಒಮ್ಮೆಗೇ ಬಂದು ತಾಗುವುದೇ ಗಾಯ. ಆ ಶಕ್ತಿಯನ್ನು ಹೊತ್ತು ತರುವ ವಾಹಕವನ್ನು, ಅದು ತಾಗುವ ಮೊದಲು, ತಾಗುವಾಗ, ತಾಗಿದ ಮೇಲೆ ಎಂದು ಮೂರು ಹೊತ್ತಿನಲ್ಲೂ ನೋಡಬೇಕು ಎಂದರು. 1966ರಲ್ಲಿ ಅಮೆರಿಕ ರಸ್ತೆ ಸುರಕ್ಷತೆಗೆ ಕಾನೂನು ತಂದಾಗ ಆ ಕೆಲಸದ ಮೊದಲ ಮುಖ್ಯಸ್ಥರಾದವರೂ ಅವರೇ. ಅಲ್ಲಿಯ ತನಕ ಅಪಘಾತಕ್ಕೆಲ್ಲ ಚಾಲಕನದೇ ತಪ್ಪು, ಬುದ್ಧಿ ಹೇಳಿದರೆ ಸಾಕು ಎಂಬ ಮಾತಿತ್ತು. ಹ್ಯಾಡನ್ ಮತ್ತು ಅವರ ಜೊತೆಯವರು ಎದೆಗೆ ಚುಚ್ಚದ ಸ್ಟೀರಿಂಗ್ ಕಂಬ, ಸೀಟ್ ಬೆಲ್ಟ್, ಗುದ್ದಿದರೆ ಬಾಗುವ ರಸ್ತೆ ಬದಿಯ ಕಂಬ ಇವುಗಳ ಹಿಂದೆ ಬಿದ್ದರು. 1966ರಲ್ಲಿ 10 ಕೋಟಿ ಮೈಲಿ ಓಡಾಟಕ್ಕೆ ಐದಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದರು. ಐದು ದಶಕದಲ್ಲಿ ಅದು ಒಂದರ ಆಸುಪಾಸಿಗೆ ಇಳಿಯಿತು. ಯಾರ ಕಾರನ್ನೂ ಯಾರೂ ಕಿತ್ತುಕೊಳ್ಳಲಿಲ್ಲ.

ಈ ಲೆಕ್ಕದಲ್ಲಿ ಬಂದೂಕು ಸೊಳ್ಳೆಯ ಜಾಗದಲ್ಲಿ ನಿಲ್ಲುತ್ತದೆ. ಬಂದೂಕು ಇಟ್ಟುಕೊಂಡವರಿಗೆ ಈ ಹೋಲಿಕೆ ಕೇಳಿದರೆ ಸಿಟ್ಟು ಬರುತ್ತದೆ. ಅದು ನನಗೆ ಅರ್ಥವಾಗುತ್ತದೆ. ಸೊಳ್ಳೆಯನ್ನು ಯಾರೂ ಪ್ರೀತಿಯಿಂದ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಅದನ್ನು ಸಂವಿಧಾನದ ಹಕ್ಕು ಎಂದು ಯಾವ ನ್ಯಾಯಾಲಯವೂ ಹೇಳಿಲ್ಲ.

ಈಗ ಆತ್ಮಹತ್ಯೆಯ ಮಾತಿಗೆ ಬರುತ್ತೇನೆ. ಸಂಶೋಧನೆ ಅತ್ಯಂತ ಗಟ್ಟಿಯಾಗಿ ಮಾತಾಡುವುದು ಇಲ್ಲಿ. ಜನರಿಗೆ ನಂಬಲು ಕಷ್ಟವಾಗುವುದೂ ಇಲ್ಲೇ. "ಸಾಯಲೇಬೇಕು ಎಂದು ನಿಶ್ಚಯಿಸಿದವರು ಹೇಗಾದರೂ ಸಾಯುತ್ತಾರೆ, ಒಂದು ದಾರಿ ಮುಚ್ಚಿದರೆ ಇನ್ನೊಂದು" ಎಂದು ಎಲ್ಲ ದೇಶಗಳಲ್ಲೂ ಹೇಳುತ್ತಾರೆ. ಕೇಳಲು ಸರಿಯೆನಿಸುತ್ತದೆ. ಲೆಕ್ಕಕ್ಕೆ ಇಳಿದರೆ ನಿಲ್ಲುವುದಿಲ್ಲ. ಇಂಗ್ಲೆಂಡ್‌ನಲ್ಲಿ ಮನೆಮನೆಗೆ ಕೊಳವೆಯಲ್ಲಿ ಬರುತ್ತಿದ್ದ ಹಳೆಯ ಅಡುಗೆ ಅನಿಲದಲ್ಲಿ ವಿಷವಿತ್ತು. 1960ರ ದಶಕದಿಂದ ಮೆಲ್ಲಗೆ ಆ ಅನಿಲದ ಬದಲು ವಿಷವಿಲ್ಲದ ಅನಿಲ ಬಂತು. ಯಾರೂ ಆತ್ಮಹತ್ಯೆ ತಡೆಯಲೆಂದು ಮಾಡಿದ್ದಲ್ಲ. ಇಂಧನದ ಲೆಕ್ಕಾಚಾರ ಅಷ್ಟೇ. 1963ರಿಂದ 1975ರೊಳಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಒಟ್ಟು ಆತ್ಮಹತ್ಯೆಗಳು ಸುಮಾರು ಮೂರನೇ ಒಂದರಷ್ಟು ಕಡಿಮೆಯಾದವು. ದಾರಿ ಮುಚ್ಚಿದಾಗ ಬಹಳ ಜನ ಇನ್ನೊಂದು ದಾರಿ ಹುಡುಕಿಕೊಂಡು ಹೋಗಲಿಲ್ಲ.

ಕಾರಣ ಹುಡುಕಿದರೆ ಇಷ್ಟು ಸಿಗುತ್ತದೆ: ಸಾಯಬೇಕೆಂಬ ತೀವ್ರ ಯೋಚನೆ ಎಷ್ಟೋ ಮಂದಿಯಲ್ಲಿ ಅಲೆಯಂತೆ ಬರುತ್ತದೆ, ಕೆಲವು ನಿಮಿಷವೋ ಕೆಲವು ಗಂಟೆಯೋ ಇದ್ದು ಇಳಿಯುತ್ತದೆ. ಪ್ರಯತ್ನಿಸಿ ಬದುಕುಳಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಹಾಗಾಗಿ ಆ ಅಲೆ ಎದ್ದ ಹೊತ್ತಿನಲ್ಲಿ ಕೈಗೆಟುಕುವ ಸಾಧನ ಯಾವುದು ಅನ್ನುವುದರ ಮೇಲೆ ಬದುಕು ನಿಲ್ಲುತ್ತದೆ. ಬೇರೆ ವಿಧಾನಗಳಲ್ಲಿ ಹೆಚ್ಚಿನವರು ಬದುಕುಳಿಯುತ್ತಾರೆ. ಬಂದೂಕಿನಲ್ಲಿ ಹತ್ತಕ್ಕೆ ಒಂಬತ್ತರಷ್ಟು ಮಂದಿ ಉಳಿಯುವುದಿಲ್ಲ. ಮನಸ್ಸು ಬದಲಾಯಿಸಲು ಅದು ಸಮಯವನ್ನೇ ಕೊಡುವುದಿಲ್ಲ.

ಇಸ್ರೇಲ್ ಸೇನೆಯ ಉದಾಹರಣೆಯನ್ನು ನಾನು ಎಲ್ಲೆಡೆ ಹೇಳುತ್ತೇನೆ. ಅಲ್ಲಿ ವಾರಾಂತ್ಯಕ್ಕೆ ಮನೆಗೆ ಹೋಗುವ ಹುಡುಗರು ತಮ್ಮ ಬಂದೂಕನ್ನೂ ಒಯ್ಯುತ್ತಿದ್ದರು. 2006ರಲ್ಲಿ ಬಂದೂಕನ್ನು ನೆಲೆಯಲ್ಲೇ ಬಿಟ್ಟುಹೋಗಿ ಎಂದು ನಿಯಮ ಬದಲಾಯಿಸಿದರು. ಸೇನೆಯಲ್ಲಿ ಆತ್ಮಹತ್ಯೆಯ ಪ್ರಮಾಣ ಶೇಕಡಾ 40ರಷ್ಟು ಇಳಿಯಿತು. ಇಳಿದದ್ದು ಮುಖ್ಯವಾಗಿ ವಾರಾಂತ್ಯದ ಸಾವುಗಳು, ವಾರದ ದಿನಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಅದೇ ಹುಡುಗರು, ಅದೇ ಕೆಲಸದ ಒತ್ತಡ. ಬದಲಾದದ್ದು ಶುಕ್ರವಾರ ರಾತ್ರಿ ಬಂದೂಕು ಎಲ್ಲಿರುತ್ತದೆ ಅನ್ನುವುದೊಂದೇ.

ಅಮೆರಿಕದಲ್ಲೇ ಆದ ದೊಡ್ಡ ಅಧ್ಯಯನ 2020ರದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೇವಿಡ್ ಸ್ಟಡರ್ಟ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ 2.6 ಕೋಟಿ ವಯಸ್ಕರನ್ನು ಹನ್ನೆರಡು ವರ್ಷ ದಾಖಲೆಗಳ ಮೂಲಕ ಹಿಂಬಾಲಿಸಿದರು. ಕೈಬಂದೂಕು ಕೊಂಡ ಗಂಡಸರು ಬಂದೂಕಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಪ್ರಮಾಣ ಕೊಳ್ಳದವರಿಗಿಂತ ಎಂಟು ಪಟ್ಟು, ಹೆಂಗಸರಲ್ಲಿ 35 ಪಟ್ಟು. "ಸಾಯಲೆಂದೇ ಕೊಂಡಿರಬಹುದಲ್ಲ" ಎಂಬ ಅನುಮಾನ ಸಹಜ. ಕೊಂಡ ಕೂಡಲೇ ಅಪಾಯ ಏರುತ್ತದೆ ಅನ್ನುವುದೂ ನಿಜ. ಆದರೆ ಅರ್ಧಕ್ಕಿಂತ ಹೆಚ್ಚು ಸಾವುಗಳು ಕೊಂಡು ಒಂದು ವರ್ಷ ದಾಟಿದ ಮೇಲೆ ಆದವು. ಯಾವಾಗಲೋ ಬೇರೆ ಕಾರಣಕ್ಕೆ ತಂದಿಟ್ಟದ್ದು, ಒಂದು ಕೆಟ್ಟ ರಾತ್ರಿ ಕೈಗೆ ಸಿಕ್ಕಿತು.

ಇದರಿಂದ ಹುಟ್ಟಿದ ಕೆಲಸಗಳಲ್ಲಿ ನನಗೆ ಇಷ್ಟವಾದದ್ದು ನ್ಯೂ ಹ್ಯಾಂಪ್‌ಶೈರ್‌ನದು. 2009ರಲ್ಲಿ, ಒಂದು ವಾರದೊಳಗೆ, ಪರಸ್ಪರ ಸಂಬಂಧವಿಲ್ಲದ ಮೂವರು ಒಂದೇ ಅಂಗಡಿಯಲ್ಲಿ ಬಂದೂಕು ಕೊಂಡು ಕೆಲವೇ ಗಂಟೆಗಳಲ್ಲಿ ಪ್ರಾಣ ಕಳೆದುಕೊಂಡರು. ಅಂಗಡಿಯವರು ಕಂಗೆಟ್ಟರು. ಆಮೇಲೆ ಬಂದೂಕು ವ್ಯಾಪಾರಿಗಳೂ ಸಾರ್ವಜನಿಕ ಆರೋಗ್ಯದವರೂ ಒಟ್ಟಿಗೆ ಕೂತು, ಕೊಳ್ಳಲು ಬಂದವರ ನಡವಳಿಕೆಯಲ್ಲಿ ಏನು ಗಮನಿಸಬೇಕು, ಯಾವಾಗ ಮಾರದೆ ಕಳಿಸಬೇಕು ಎಂಬ ತಿಳಿವಳಿಕೆ ಸಿದ್ಧಪಡಿಸಿದರು. ಸ್ನೇಹಿತ ಕುಡಿದಿದ್ದರೆ ಕಾರಿನ ಕೀ ಇಸಿದುಕೊಳ್ಳುವ ಹಾಗೆ, ಸ್ನೇಹಿತ ಕುಸಿದಿದ್ದರೆ ಕೆಲವು ದಿನ ಅವನ ಬಂದೂಕನ್ನು ನೀವು ಇಟ್ಟುಕೊಳ್ಳಿ ಎಂಬುದು ಅವರ ಮಾತಿನ ಧಾಟಿ. ಈ ಪದ್ಧತಿ ಬೇರೆ ರಾಜ್ಯಗಳಿಗೂ ಹಬ್ಬಿತು. ಬಂದೂಕಿನ ಪರ-ವಿರೋಧದ ಗೋಡೆಯ ಎರಡೂ ಕಡೆಯವರು ಒಂದೇ ಮೇಜಿಗೆ ಬಂದ ಅಪರೂಪದ ಜಾಗ ಇದು.

ಇನ್ನು, ಇಷ್ಟೆಲ್ಲ ಗೊತ್ತಿದ್ದೂ ಸಂಶೋಧನೆ ಯಾಕೆ ಇಷ್ಟು ಹಿಂದೆ ಉಳಿಯಿತು ಅನ್ನುವ ಕಥೆ. ನಿಮ್ಮ ಮಗ ಇದನ್ನು ತರಗತಿಯಲ್ಲಿ ಕೇಳಿಯೇ ಇರುತ್ತಾನೆ.

1993ರಲ್ಲಿ ಆರ್ಥರ್ ಕೆಲ್ಲರ್‌ಮನ್ ಎಂಬ ತುರ್ತು ಚಿಕಿತ್ಸಾ ವೈದ್ಯರು, ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಹಣದಿಂದ ಮಾಡಿದ ಅಧ್ಯಯನ ಪ್ರಕಟವಾಯಿತು. ಮೂರು ಕೌಂಟಿಗಳಲ್ಲಿ ಮನೆಯೊಳಗೆ ಕೊಲೆಯಾದವರ ಮನೆಗಳನ್ನು ಅದೇ ಅಕ್ಕಪಕ್ಕದ, ಅದೇ ವಯಸ್ಸಿನವರ ಮನೆಗಳ ಜೊತೆ ಹೋಲಿಸಿದ್ದರು. ಬಂದೂಕು ಇದ್ದ ಮನೆಯಲ್ಲಿ ಕೊಲೆಯ ಸಂಭವ 2.7 ಪಟ್ಟು ಹೆಚ್ಚು ಎಂದು ಬಂತು. ಕೊಂದವರು ಹೆಚ್ಚಾಗಿ ಮನೆಯವರು ಅಥವಾ ಪರಿಚಯದವರು. ರಕ್ಷಣೆಗೆಂದು ಬಂದೂಕು ಕೊಳ್ಳಿ ಎನ್ನುವವರಿಗೆ ಇದು ನೇರವಾಗಿ ತಾಗಿತು. ಬಂದೂಕು ಮಾಲೀಕರ ಪ್ರಬಲ ಸಂಘ ಎನ್‌ಆರ್‌ಎ ಸಿಡಿಸಿಯ ಗಾಯ ತಡೆ ವಿಭಾಗವನ್ನೇ ಮುಚ್ಚಿಸಲು ಹೊರಟಿತು. ವಿಭಾಗ ಉಳಿಯಿತು, ಆದರೆ 1996ರಲ್ಲಿ ಅರ್ಕಾನ್ಸಾಸ್‌ನ ಸಂಸದ ಜೇ ಡಿಕಿ ಬಜೆಟ್‌ಗೆ ಒಂದು ಸಾಲು ಸೇರಿಸಿದರು: ಗಾಯ ತಡೆಯ ಹಣವನ್ನು ಬಂದೂಕು ನಿಯಂತ್ರಣದ ಪ್ರಚಾರಕ್ಕೆ ಬಳಸಬಾರದು. ಜೊತೆಗೆ ಬಂದೂಕು ಸಂಶೋಧನೆಗೆ ಹೋಗುತ್ತಿದ್ದಷ್ಟೇ ಮೊತ್ತ, 26 ಲಕ್ಷ ಡಾಲರ್, ಸಿಡಿಸಿಯ ಬಜೆಟ್‌ನಲ್ಲಿ ಬೇರೆ ಕೆಲಸಕ್ಕೆ ತಿರುಗಿತು.

ಆ ಸಾಲಿನಲ್ಲಿ ಸಂಶೋಧನೆ ಮಾಡಬಾರದು ಎಂದಿರಲಿಲ್ಲ. ಪ್ರಚಾರ ಬೇಡ ಎಂದಷ್ಟೇ ಇತ್ತು. ಆದರೆ ಯಾವ ಫಲಿತಾಂಶವನ್ನು ಯಾರು ಪ್ರಚಾರ ಅನ್ನುತ್ತಾರೋ ಹೇಳುವವರಾರು? ಅಧಿಕಾರಿಗಳಿಗೆ ಸೂಚನೆ ಅರ್ಥವಾಯಿತು. ಈ ವಿಷಯದಲ್ಲಿ ಸರ್ಕಾರದ ಹಣ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬತ್ತಿಹೋಯಿತು. 2017ರಲ್ಲಿ ಪ್ರಕಟವಾದ ಒಂದು ಲೆಕ್ಕದ ಪ್ರಕಾರ, ಸಾವಿನ ಸಂಖ್ಯೆಗೆ ತಕ್ಕಂತೆ ಸಿಗಬೇಕಿದ್ದ ಸಂಶೋಧನಾ ಹಣದಲ್ಲಿ ಬಂದೂಕು ಹಿಂಸೆಗೆ ಸಿಕ್ಕಿದ್ದು ಶೇಕಡಾ 1.6. ಯುವ ಸಂಶೋಧಕರು ಹೊಟ್ಟೆಪಾಡಿಗೆ ಬೇರೆ ವಿಷಯ ಹಿಡಿದರು. ಕ್ಯಾಲಿಫೋರ್ನಿಯಾದ ವೈದ್ಯ ಗ್ಯಾರೆನ್ ವಿಂಟೆಮ್ಯೂಟ್ ತಮ್ಮ ಕೈಯಿಂದಲೇ ಹತ್ತು ಲಕ್ಷ ಡಾಲರಿಗೂ ಹೆಚ್ಚು ಹಾಕಿ ಕೆಲಸ ಮುಂದುವರಿಸಿದರು. ಅಂಥವರು ಬೆರಳೆಣಿಕೆಯಷ್ಟು.

ಕಥೆಗೆ ಒಂದು ತಿರುವಿದೆ. ಆಗ ಸಿಡಿಸಿಯ ಗಾಯ ತಡೆ ವಿಭಾಗದ ಮುಖ್ಯಸ್ಥರಾಗಿದ್ದವರು ಮಾರ್ಕ್ ರೋಸೆನ್‌ಬರ್ಗ್. ಡಿಕಿ ಮತ್ತು ಅವರು ಸಂಸತ್ತಿನ ವಿಚಾರಣೆಯಲ್ಲಿ ಎದುರಾಳಿಗಳು. ಹೊರಗೆ ಮಾತಿಗೆ ಸಿಕ್ಕಿ, ಮಕ್ಕಳ ವಿಷಯ ಮಾತಾಡಿ, ವರ್ಷಗಳಲ್ಲಿ ಗೆಳೆಯರಾದರು. 2012ರಲ್ಲಿ ಕೊಲೊರಾಡೊದ ಅರೋರಾ ಚಿತ್ರಮಂದಿರದಲ್ಲಿ ಗುಂಡಿನ ದಾಳಿ ಆದ ಮೇಲೆ ಇಬ್ಬರೂ ಸೇರಿ ವಾಷಿಂಗ್ಟನ್ ಪೋಸ್ಟ್‌ನಲ್ಲಿ ಬರೆದರು: ಬಂದೂಕು ಮಾಲೀಕರ ಹಕ್ಕಿಗೆ ಕೈಹಾಕದೆಯೂ ಸಾವು ತಡೆಯುವ ದಾರಿ ಹುಡುಕಬಹುದು, ರಸ್ತೆಯ ವಿಷಯದಲ್ಲಿ ಹುಡುಕಿದಂತೆ, ಅದಕ್ಕೆ ಸಂಶೋಧನೆ ಬೇಕು. ತನ್ನ ಹೆಸರಿನ ತಿದ್ದುಪಡಿ ಇಷ್ಟು ದೂರ ಹೋದದ್ದಕ್ಕೆ ಡಿಕಿ ಆಮೇಲೆ ಬಹಿರಂಗವಾಗಿಯೇ ವಿಷಾದಪಟ್ಟರು. ಅವರು 2017ರಲ್ಲಿ ತೀರಿಕೊಂಡರು. ಸಂಸತ್ತು ಮತ್ತೆ ಹಣ ಕೊಟ್ಟಿದ್ದು 2020ರ ಬಜೆಟ್‌ನಲ್ಲಿ, ಸಿಡಿಸಿಗೂ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಿಗೂ ಸೇರಿಸಿ 2.5 ಕೋಟಿ ಡಾಲರ್. ತಿದ್ದುಪಡಿಯ ಸಾಲು ಹಾಗೇ ಇದೆ.

ಕೆಲ್ಲರ್‌ಮನ್ ಅಧ್ಯಯನದ ಟೀಕಾಕಾರರೆಲ್ಲ ಬಂದೂಕು ಸಂಘದ ಬಾಡಿಗೆ ಬಂಟರಾಗಿರಲಿಲ್ಲ ಅನ್ನುವುದನ್ನೂ ಹೇಳಬೇಕು. "ಮೊದಲೇ ಅಪಾಯದಲ್ಲಿರುವವರು ಬಂದೂಕು ಕೊಳ್ಳುತ್ತಾರೆ, ಆಮೇಲೆ ಆ ಅಪಾಯವೇ ಅವರನ್ನು ಕೊಲ್ಲುತ್ತದೆ, ಬಂದೂಕಿನ ತಪ್ಪೇನು?" ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಒಳ್ಳೆಯ ಉತ್ತರ ಸಿಗಲು 2022ರವರೆಗೆ ಕಾಯಬೇಕಾಯಿತು. ಸ್ಟಡರ್ಟ್ ಅವರ ತಂಡವೇ ಕ್ಯಾಲಿಫೋರ್ನಿಯಾದಲ್ಲಿ, ತಾವು ಬಂದೂಕು ಕೊಳ್ಳದೆ ಕೊಂಡವರ ಜೊತೆ ವಾಸವಿದ್ದವರನ್ನು ಮಾತ್ರ ಆಯ್ದು ನೋಡಿತು. ಬಂದೂಕಿಲ್ಲದ ಮನೆಯವರಿಗಿಂತ ಅವರು ಕೊಲೆಯಾಗುವ ಪ್ರಮಾಣ ಎರಡು ಪಟ್ಟಿಗೂ ಹೆಚ್ಚು, ಸಂಗಾತಿಯ ಗುಂಡಿಗೆ ಮನೆಯಲ್ಲೇ ಬಲಿಯಾಗುವ ಪ್ರಮಾಣ ಏಳು ಪಟ್ಟು. ಹಾಗೆ ಸತ್ತವರಲ್ಲಿ ಬಹುಪಾಲು ಹೆಂಗಸರು. ಒಂದು ಪ್ರಶ್ನೆಗೂ ಅದರ ಉತ್ತರಕ್ಕೂ ನಡುವೆ 29 ವರ್ಷ. ಹಣ ನಿಲ್ಲಿಸಿದರೆ ವಿಜ್ಞಾನದಲ್ಲಿ ಆಗುವುದು ಇದು.

ಹಣದಷ್ಟೇ ಕಾಡಿದ್ದು ಅಂಕಿಅಂಶದ ಬರ. ಯಾರ ಬಳಿ ಬಂದೂಕಿದೆ ಎಂಬ ರಾಷ್ಟ್ರೀಯ ನೋಂದಣಿಯನ್ನು 1986ರ ಕಾನೂನು ನಿಷೇಧಿಸಿದೆ. ಅಪರಾಧದಲ್ಲಿ ಸಿಕ್ಕ ಬಂದೂಕು ಎಲ್ಲಿಂದ ಬಂತು ಎಂಬ ವಿವರ ಸಂಶೋಧಕರಿಗೆ ಸಿಗದಂತೆ 2003ರಲ್ಲಿ ಇನ್ನೊಂದು ಬೇಲಿ ಹಾಕಿದರು. ಹಾಗಾಗಿ ಒಂದು ರಾಜ್ಯದಲ್ಲಿ ಎಷ್ಟು ಮನೆಗಳಲ್ಲಿ ಬಂದೂಕಿದೆ ಎಂದು ಅಂದಾಜಿಸಲು ಸಂಶೋಧಕರು ಬಳಸುವ ಅಳತೆಗೋಲು ಯಾವುದು ಗೊತ್ತೇ? ಅಲ್ಲಿನ ಆತ್ಮಹತ್ಯೆಗಳಲ್ಲಿ ಎಷ್ಟು ಪಾಲು ಬಂದೂಕಿನಿಂದ ಆಯಿತು ಅನ್ನುವುದು. ಬದುಕಿದವರನ್ನು ಎಣಿಸುವ ಹಾಗಿಲ್ಲ, ಸತ್ತವರಿಂದ ಊಹಿಸಬೇಕು. ಕ್ಯಾಲಿಫೋರ್ನಿಯಾ ಮಾತ್ರ ಮಾರಾಟದ ದಾಖಲೆ ಇಟ್ಟು ಸಂಶೋಧಕರಿಗೂ ತೆರೆದದ್ದರಿಂದ ಮೇಲಿನ ಎರಡು ಅಧ್ಯಯನಗಳು ಸಾಧ್ಯವಾದವು.

ಕೊಲೆಯ ಭೂಪಟಕ್ಕೆ ಬರೋಣ. "ಹಿಂಸೆ ಅಂಟುರೋಗದಂತೆ ಹರಡುತ್ತದೆ" ಎಂಬ ಮಾತನ್ನು ನಾನು ಮೊದಲು ಬರೀ ಅಲಂಕಾರ ಅಂದುಕೊಂಡಿದ್ದೆ. ಆಂಡ್ರ್ಯೂ ಪಪಾಕ್ರಿಸ್ಟೋಸ್ ಎಂಬ ಸಮಾಜಶಾಸ್ತ್ರಜ್ಞರೂ ಸಂಗಡಿಗರೂ 2017ರಲ್ಲಿ ತೋರಿಸಿದ ಲೆಕ್ಕ ನೋಡಿದ ಮೇಲೆ ಹಾಗನ್ನುವುದು ಬಿಟ್ಟೆ. ಶಿಕಾಗೊದಲ್ಲಿ ಒಟ್ಟಿಗೆ ಬಂಧನವಾದವರನ್ನು ಒಬ್ಬರಿಗೊಬ್ಬರು ಗೆರೆ ಎಳೆದು ಜೋಡಿಸಿ 1,38,163 ಜನರ ಜಾಲ ಕಟ್ಟಿದರು. 2006ರಿಂದ 2014ರವರೆಗೆ ಆ ಜಾಲದೊಳಗೆ ಆದ 11,123 ಗುಂಡೇಟುಗಳಲ್ಲಿ ಶೇಕಡಾ 63ರಷ್ಟು ಜಾಲದ ಮೂಲಕ ಹರಡಿದಂತೆ ಕಂಡವು. ಒಬ್ಬನಿಗೆ ಗುಂಡು ಬಿದ್ದರೆ ಸರಾಸರಿ 125 ದಿನಗಳಲ್ಲಿ ಅವನ ಹತ್ತಿರದವನಿಗೆ. ಇಡೀ ಬಡಾವಣೆಯನ್ನು ಅನುಮಾನದಿಂದ ನೋಡಬೇಕಿಲ್ಲ. ಮುಂದಿನ ಗುಂಡು ಯಾರ ಸುತ್ತ ಸುಳಿಯುತ್ತಿದೆ ಎಂದು ಸಾಕಷ್ಟು ಹತ್ತಿರದಿಂದ ಹೇಳಬಹುದು.

ಇದನ್ನು ಅನುಭವದಿಂದ ಊಹಿಸಿದವರು ಗ್ಯಾರಿ ಸ್ಲಟ್‌ಕಿನ್. ಕ್ಷಯ, ಕಾಲರಾ, ಏಡ್ಸ್ ಎಂದು ಆಫ್ರಿಕಾದಲ್ಲಿ ಕೆಲಸ ಮಾಡಿ ಬಂದ ವೈದ್ಯರು. 2000ದಲ್ಲಿ ಶಿಕಾಗೊದ ವೆಸ್ಟ್ ಗಾರ್ಫೀಲ್ಡ್ ಪಾರ್ಕ್‌ನಲ್ಲಿ, ಬೀದಿಯಲ್ಲೇ ಬೆಳೆದು ಬೀದಿಯ ಹುಡುಗರಿಗೆ ಗುರುತಿರುವವರನ್ನು ಕೆಲಸಕ್ಕೆ ತೆಗೆದುಕೊಂಡರು. ಇವರಲ್ಲಿ ಎಷ್ಟೋ ಮಂದಿ ಜೈಲು ಕಂಡು ಬಂದವರು. ಒಬ್ಬನಿಗೆ ಗುಂಡು ಬಿದ್ದ ರಾತ್ರಿ ಅವನ ಗೆಳೆಯರ ಬಳಿ ಹೋಗಿ ಕೂತು, ಸೇಡಿನ ಮಾತು ತಣಿಸುವುದು ಅವರ ಕೆಲಸ. ಕಾಲರಾ ಬಂದ ಮನೆಯ ಅಕ್ಕಪಕ್ಕದವರನ್ನು ಮೊದಲು ವಿಚಾರಿಸುವ ಹಾಗೆಯೇ. ಫಲ ಎಲ್ಲ ಕಡೆ ಒಂದೇ ಥರ ಬಂದಿಲ್ಲ. ಕೆಲವು ಬಡಾವಣೆಗಳಲ್ಲಿ ಗುಂಡೇಟು ಇಳಿಯಿತು, ಪಿಟ್ಸ್‌ಬರ್ಗ್‌ನಲ್ಲಿ ಇದೇ ಮಾದರಿಯ ಪ್ರಯತ್ನದಿಂದ ಕೊಲೆ ಇಳಿಯಲಿಲ್ಲ. ಯಾರನ್ನು ಕೆಲಸಕ್ಕೆ ತೆಗೆದುಕೊಂಡರು, ಸಂಬಳ ಸರಿಯಾಗಿ ಬಂತೇ, ಎಷ್ಟು ದಿನ ಉಳಿದರು ಎಂಬುದರ ಮೇಲೆ ಬಹಳಷ್ಟು ನಿಂತಂತಿದೆ.

ಶಿಕಾಗೊದ್ದೇ ಇನ್ನೊಂದು ಕಾರ್ಯಕ್ರಮದಲ್ಲಿ ಪ್ರೌಢಶಾಲೆಯ ಹುಡುಗರನ್ನು ಜೋಡಿ ಮಾಡಿ ಒಬ್ಬನ ಕೈಗೆ ಚೆಂಡು ಕೊಡುತ್ತಾರೆ. ಇನ್ನೊಬ್ಬನಿಗೆ "ಮೂವತ್ತು ಸೆಕೆಂಡಿನಲ್ಲಿ ಅದನ್ನು ತೆಗೆದುಕೋ" ಅನ್ನುತ್ತಾರೆ. ಹುಡುಗರು ಕುಸ್ತಿಗೇ ಬೀಳುತ್ತಾರೆ. ಆಮೇಲೆ ಮೇಷ್ಟ್ರು ಕೇಳುತ್ತಾರೆ, ಕೊಡು ಅಂತ ಯಾರಾದರೂ ಕೇಳಿದಿರಾ? ಕೇಳಿದ್ದರೆ ಕೊಡುತ್ತಿದ್ದೆ ಎಂದು ಎದುರಿನವನು ಹೇಳುತ್ತಾನೆ. ಮೊದಲು ತಡೆದು ಯೋಚಿಸುವುದನ್ನು ಹೀಗೆ ವಾರವಾರ ಅಭ್ಯಾಸ ಮಾಡಿಸುವುದು. ಚೀಟಿ ಎತ್ತಿದಂತೆ ಹುಡುಗರನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದಾಗ, ತರಬೇತಿ ನಡೆದ ಅವಧಿಯಲ್ಲಿ ಹಿಂಸೆಯ ಪ್ರಕರಣಗಳಲ್ಲಿ ಬಂಧನ ಶೇಕಡಾ 45ರಿಂದ 50ರಷ್ಟು ಕಡಿಮೆ. ಕಾರ್ಯಕ್ರಮ ಮುಗಿದ ಮೇಲೆ ಬಂಧನಗಳ ಮೇಲಿನ ಈ ಪರಿಣಾಮ ಉಳಿಯಲಿಲ್ಲ ಅನ್ನುವುದನ್ನೂ ಅದೇ ಸಂಶೋಧಕರು ಮುಚ್ಚಿಡದೆ ಬರೆದರು.

ಫಿಲಡೆಲ್ಫಿಯಾದ ಪ್ರಯೋಗದಲ್ಲಿ ಬಂದೂಕಿನ ಸುದ್ದಿಯೇ ಇಲ್ಲ, ಹುಲ್ಲಿನ ಸುದ್ದಿ. ಚಾರ್ಲ್ಸ್ ಬ್ರಾನಸ್ ಮತ್ತು ಸಂಗಡಿಗರು ಪಾಳುಬಿದ್ದ 541 ಖಾಲಿ ನಿವೇಶನಗಳನ್ನು ಚೀಟಿ ಎತ್ತಿ ಹಂಚಿದರು. ಕೆಲವನ್ನು ಕಸ ತೆಗೆದು, ಹುಲ್ಲು ಹಾಕಿ, ಒಂದೆರಡು ಗಿಡ ನೆಟ್ಟು, ತಗ್ಗಾದ ಮರದ ಬೇಲಿ ಕಟ್ಟಿದರು. ಕೆಲವನ್ನು ಬರೀ ಗುಡಿಸಿದರು. ಕೆಲವನ್ನು ಹಾಗೇ ಬಿಟ್ಟರು. 2018ರಲ್ಲಿ ಫಲಿತಾಂಶ ಬಂತು: ಬಡತನ ರೇಖೆಗಿಂತ ಕೆಳಗಿನ ಬಡಾವಣೆಗಳಲ್ಲಿ, ಸರಿಪಡಿಸಿದ ನಿವೇಶನಗಳ ಸುತ್ತ ಬಂದೂಕಿನ ಹಿಂಸೆ ಶೇಕಡಾ 29ರಷ್ಟು ಇಳಿದಿತ್ತು. ಪೊದೆಯೊಳಗೆ ಬಂದೂಕು ಬಚ್ಚಿಡುವವರಿಗೆ ಜಾಗ ತಪ್ಪಿತು, ಹೆದರಿ ಒಳಗಿದ್ದವರು ಜಗಲಿಗೆ ಬಂದರು. ಬೆಳಕಿಗೆ ಬಂದ ಜಾಗದಲ್ಲಿ ಕಣ್ಣುಗಳೂ ಇರುತ್ತವೆ. ಯಾವ ರಾಜಕೀಯ ಪಕ್ಷದವರಿಗೂ ಹುಲ್ಲಿನ ಮೇಲೆ ದ್ವೇಷವಿಲ್ಲದ್ದರಿಂದ ಈ ಅಧ್ಯಯನ ನನಗೆ ಇನ್ನೂ ಪ್ರಿಯ.

ಕಾನೂನುಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಎಲ್ಲರೂ ಉದ್ದಕ್ಕೆ ಮಾತಾಡುವುದು ಅದನ್ನೇ. ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ 2018ರಿಂದ ಎಲ್ಲ ಅಧ್ಯಯನಗಳನ್ನೂ ಜರಡಿ ಹಿಡಿದು, ಯಾವುದಕ್ಕೆ ಎಷ್ಟು ಆಧಾರವಿದೆ ಎಂದು ಪ್ರಕಟಿಸುತ್ತ ಬಂದಿದೆ. ಮಕ್ಕಳ ಕೈಗೆ ಸಿಗದಂತೆ ಬಂದೂಕು ಇಡದಿದ್ದರೆ ದೊಡ್ಡವರನ್ನು ಹೊಣೆ ಮಾಡುವ ಕಾನೂನುಗಳು ಮಕ್ಕಳ, ಹದಿಹರೆಯದವರ ಸಾವು ಕಡಿಮೆ ಮಾಡುತ್ತವೆ ಎಂಬುದಕ್ಕೆ ಗಟ್ಟಿ ಆಧಾರ. ಹಿಂದೆ ಸರಿಯಲು ದಾರಿಯಿದ್ದರೂ ಆತ್ಮರಕ್ಷಣೆಗೆ ಗುಂಡು ಹಾರಿಸಬಹುದು ಎನ್ನುವ ಕಾನೂನುಗಳು ಕೊಲೆ ಹೆಚ್ಚಿಸುತ್ತವೆ ಎಂಬುದಕ್ಕೂ ಅಷ್ಟೇ ಗಟ್ಟಿ ಆಧಾರ. ಕೊಳ್ಳುವ ಮೊದಲು ಪರ್ಮಿಟ್ ಪಡೆಯಬೇಕೆಂಬ 1995ರ ಕನೆಕ್ಟಿಕಟ್ ಕಾನೂನಿನಿಂದ ಬಂದೂಕಿನ ಕೊಲೆಗಳು ಒಂದು ಲೆಕ್ಕದಲ್ಲಿ ಶೇಕಡಾ 40, ಹೆಚ್ಚು ವರ್ಷ ಸೇರಿಸಿದ ಇನ್ನೊಂದು ಲೆಕ್ಕದಲ್ಲಿ ಶೇಕಡಾ 28 ಇಳಿದವು. ಅಪಾಯದ ಸೂಚನೆ ಇರುವವರಿಂದ ನ್ಯಾಯಾಲಯದ ಆದೇಶದ ಮೇಲೆ ಬಂದೂಕನ್ನು ತಾತ್ಕಾಲಿಕವಾಗಿ ತೆಗೆದಿಡುವ ಕಾನೂನು ಮೊದಲು ಬಂದದ್ದೂ ಕನೆಕ್ಟಿಕಟ್‌ನಲ್ಲೇ, 1999ರಲ್ಲಿ. ಹತ್ತರಿಂದ ಇಪ್ಪತ್ತು ಬಾರಿ ಹಾಗೆ ತೆಗೆದಿಟ್ಟರೆ ಒಂದು ಆತ್ಮಹತ್ಯೆ ತಪ್ಪುತ್ತದೆ ಎಂಬ ಅಂದಾಜಿದೆ. ಇನ್ನು, ಅತಿ ಹೆಚ್ಚು ಕೂಗಾಟ ನಡೆಯುವ ಸೇನಾ ಮಾದರಿಯ ಬಂದೂಕುಗಳ ನಿಷೇಧ ಒಟ್ಟು ಕೊಲೆಗಳನ್ನು ಇಳಿಸುತ್ತದೆಯೇ ಅನ್ನುವುದಕ್ಕೆ ಆಧಾರ ಸಾಲದು. ನಗರಗಳಲ್ಲಿ ಶನಿವಾರ ಪೆಂಡಾಲ್ ಹಾಕಿ ಹಳೆಯ ಬಂದೂಕು ಕೊಂಡುಕೊಳ್ಳುವ ಕಾರ್ಯಕ್ರಮಗಳಿಂದ ಹಿಂಸೆ ಇಳಿದದ್ದು ಕಂಡಿಲ್ಲ. ತನ್ನ ಕಡೆಯವರಿಗೆ ಬೇಸರವಾಗುವ ಇಂಥ ಉತ್ತರವನ್ನೂ ಹೇಳುವ ಧೈರ್ಯ ನಿಮ್ಮ ಮಗನಿಗೆ ಬೇಕಾಗುತ್ತದೆ.

ಅವನ ಉದ್ಯೋಗದ ಬಗ್ಗೆ ನಿಮಗೆ ಚಿಂತೆ ಇರುವುದು ಪ್ರಶ್ನೆಯ ಸಾಲುಗಳ ನಡುವೆ ಕಾಣುತ್ತದೆ. ಸುಳ್ಳು ಸಮಾಧಾನ ಹೇಳಲಾರೆ. 2024ರ ಜೂನ್‌ನಲ್ಲಿ ಅಮೆರಿಕ ಸರ್ಕಾರದ ಆಗಿನ ಮುಖ್ಯ ವೈದ್ಯಾಧಿಕಾರಿ, ಅಂದರೆ ಸರ್ಜನ್ ಜನರಲ್, ವಿವೇಕ್ ಮೂರ್ತಿ (ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಮನೆತನದವರು) ಬಂದೂಕು ಹಿಂಸೆಯನ್ನು ಸಾರ್ವಜನಿಕ ಆರೋಗ್ಯದ ಬಿಕ್ಕಟ್ಟು ಎಂದು ಘೋಷಿಸಿದರು. ಮರುವರ್ಷ ಸರ್ಕಾರ ಬದಲಾದ ಮೇಲೆ ಆ ಪ್ರಕಟಣೆ ಸರ್ಕಾರಿ ಜಾಲತಾಣದಿಂದ ಮಾಯವಾಯಿತು, ಸಿಡಿಸಿಯ ಗಾಯ ತಡೆ ವಿಭಾಗದಲ್ಲಿ ಬಹಳ ಜನ ಕೆಲಸ ಕಳೆದುಕೊಂಡರು. ಆದರೆ ಇದು 1996 ಅಲ್ಲ. ಕ್ಯಾಲಿಫೋರ್ನಿಯಾ 2017ರಲ್ಲಿ ತನ್ನದೇ ಸಂಶೋಧನಾ ಕೇಂದ್ರ ತೆರೆಯಿತು, ಖಾಸಗಿ ಪ್ರತಿಷ್ಠಾನಗಳು ಹಣ ಹಾಕುತ್ತಿವೆ, ಹಿಂಸೆಯಿಂದಾದ ಸಾವುಗಳ ದಾಖಲೆ ವ್ಯವಸ್ಥೆ 2002ರಲ್ಲಿ ಆರೇ ರಾಜ್ಯಗಳಿಂದ ಶುರುವಾಗಿ ಈಗ ಎಲ್ಲ 50 ರಾಜ್ಯಗಳಿಗೂ ಹರಡಿದೆ. ಸಂಖ್ಯಾಶಾಸ್ತ್ರವನ್ನು ಗಟ್ಟಿಯಾಗಿ ಕಲಿಯಲು ಹೇಳಿ. ಬಂದೂಕಿನ ಹಣ ನಿಂತರೂ ಆ ವಿದ್ಯೆ ಮಲೇರಿಯಾಕ್ಕೂ ಬರುತ್ತದೆ, ಸಕ್ಕರೆ ಕಾಯಿಲೆಗೂ ಬರುತ್ತದೆ.

ಈಗ ಮೊಮ್ಮಗಳ ವಿಷಯ. 2015ರ ಸಮೀಕ್ಷೆಯೊಂದರ ಪ್ರಕಾರ ಅಮೆರಿಕದಲ್ಲಿ 46 ಲಕ್ಷ ಮಕ್ಕಳು ಗುಂಡು ತುಂಬಿದ, ಬೀಗ ಹಾಕದ ಬಂದೂಕು ಇರುವ ಮನೆಗಳಲ್ಲಿದ್ದರು. 2020ರಿಂದ ಒಂದರಿಂದ ಹತ್ತೊಂಬತ್ತು ವರ್ಷದವರ ಸಾವಿಗೆ ಅಲ್ಲಿ ಮೊದಲ ಕಾರಣ ಬಂದೂಕು. ಬಂದೂಕಿಗೆ ಬೀಗ ಹಾಕುವುದು, ಗುಂಡು ತೆಗೆದಿಡುವುದು, ಗುಂಡುಗಳನ್ನು ಬೇರೆ ಜಾಗದಲ್ಲಿ ಇಡುವುದು, ಅವಕ್ಕೂ ಬೀಗ ಹಾಕುವುದು, ಈ ನಾಲ್ಕರಲ್ಲಿ ಪ್ರತಿಯೊಂದೂ ಮಕ್ಕಳನ್ನು ಕಾಪಾಡುತ್ತದೆ ಎಂದು 2005ರ ಅಧ್ಯಯನವೊಂದು ತೋರಿಸಿತು. "ಮುಟ್ಟಬೇಡ" ಎಂದು ಮಗುವಿಗೆ ಹೇಳಿಕೊಟ್ಟರೆ ಸಾಕು ಎಂದುಕೊಳ್ಳಬೇಡಿ. ಏಳು ವರ್ಷದ ಮಕ್ಕಳು ಅಡಗಿಸಿಟ್ಟದ್ದನ್ನು ಹುಡುಕುವುದರಲ್ಲಿ ನಮಗಿಂತ ನಿಪುಣರು.

ಕೇಳುವುದು ಅಲ್ಲಿ ಅಷ್ಟೇನೂ ಹೊಸದಲ್ಲ. ಮಕ್ಕಳ ವೈದ್ಯರ ಸಂಘದ ಬೆಂಬಲದಿಂದ 2000ದಿಂದಲೇ "ಕೇಳಿ, ಮಕ್ಕಳು ಉಳಿಯುತ್ತಾರೆ" ಎಂಬ ಅರ್ಥದ ಪ್ರಚಾರ ನಡೆದಿದೆ. ಮಗಳಿಗೆ ಹೇಳಿ: ಇದನ್ನು ಪ್ರತ್ಯೇಕ ಪ್ರಶ್ನೆಯಾಗಿ ಎತ್ತಿದರೆ ಆರೋಪದಂತೆ ಕೇಳಿಸುತ್ತದೆ. ಹೇಗೂ ಹೇಳಲೇಬೇಕಾದ ಇತರ ಮಾತುಗಳ ನಡುವೆ ಸೇರಿಸಲಿ. "ಅವಳಿಗೆ ಕಡಲೆಬೀಜ ಆಗುವುದಿಲ್ಲ, ನಿಮ್ಮ ಮನೆಯಲ್ಲಿ ನಾಯಿ ಇದೆಯಾ, ಈಜುಕೊಳಕ್ಕೆ ಬಾಗಿಲು ಇದೆಯಾ, ಬಂದೂಕು ಇದ್ದರೆ ಬೀಗ ಹಾಕಿದೆಯಾ?" ಇಷ್ಟೇ. ಇದೆಯೋ ಇಲ್ಲವೋ ಎಂದು ಕೇಳುವ ಬದಲು ಬೀಗ ಹಾಕಿದೆಯಾ ಎಂದು ಕೇಳುವುದರಲ್ಲಿ, ಇಟ್ಟುಕೊಳ್ಳುವುದು ಅವರ ಇಷ್ಟ ಎಂಬ ಗೌರವವೂ ಇರುತ್ತದೆ. ಜವಾಬ್ದಾರಿಯಿಂದ ಇಟ್ಟುಕೊಂಡವರು ಸಂತೋಷದಿಂದಲೇ ಕಪಾಟು ತೋರಿಸುತ್ತಾರೆ. ಉತ್ತರ ಸಮಾಧಾನ ಕೊಡದಿದ್ದರೆ ಜಗಳ ಬೇಡ, "ಈ ಸಲ ಮಕ್ಕಳು ನಮ್ಮ ಮನೆಯಲ್ಲೇ ಆಡಲಿ, ನೀವೂ ಬನ್ನಿ" ಅನ್ನಲಿ.